ಉಪ್ಪು ತಿನ್ನುವ ಹೊತ್ತು ಮತ್ತು ರಕ್ತದೊತ್ತಡ: ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಪಿ. ಇರುವವರು ಉಪ್ಪು ಕಡಿಮೆ ಮಾಡಬೇಕೆಂಬ ಸಲಹೆ ಹಳೆಯದು. ಈಚೆಗೆ ಅದಕ್ಕೆ ಇನ್ನೊಂದು ಮಾತು ಸೇರಿಕೊಂಡಿದೆ: ಎಷ್ಟು ಉಪ್ಪು ತಿನ್ನುತ್ತೀರಿ ಎಂಬುದರಷ್ಟೇ ಯಾವ ಹೊತ್ತಿನಲ್ಲಿ ತಿನ್ನುತ್ತೀರಿ ಎಂಬುದೂ ಮುಖ್ಯ ಎನ್ನುವುದು. ಈ ಮಾತಿನಲ್ಲಿ ಹುರುಳಿದೆ, ಆದರೆ ಇರುವ ಹುರುಳಿಗಿಂತ ಹೆಚ್ಚಿನ ಭಾರವನ್ನು ಜನ ಅದರ ಮೇಲೆ ಹೊರಿಸುತ್ತಿದ್ದಾರೆ.

ಉಪ್ಪು ತಿಂದ ಎಷ್ಟು ಹೊತ್ತಿಗೆ ರಕ್ತದೊತ್ತಡ ಏರುತ್ತದೆ?

ಇದಕ್ಕೆ ಎರಡು ಉತ್ತರಗಳಿವೆ, ಏಕೆಂದರೆ ಉಪ್ಪು ಎರಡು ವೇಗಗಳಲ್ಲಿ ಕೆಲಸ ಮಾಡುತ್ತದೆ.

ಮೊದಲನೆಯದು ಗಂಟೆಗಳ ಲೆಕ್ಕದ್ದು. ತಿಂದ ಉಪ್ಪಿನ ಸೋಡಿಯಂ ಬಹುಪಾಲು ಸಣ್ಣ ಕರುಳಿನಲ್ಲಿ ಹೀರಲ್ಪಟ್ಟು ರಕ್ತ ಸೇರುತ್ತದೆ. ರಕ್ತದಲ್ಲಿ ಸೋಡಿಯಂ ಸ್ವಲ್ಪ ಏರಿದರೂ ಮಿದುಳಿಗೆ ತಿಳಿಯುತ್ತದೆ, ಬಾಯಾರಿಕೆಯಾಗುತ್ತದೆ, ನೀರನ್ನು ಹಿಡಿದಿಡುವ ವ್ಯಾಸೊಪ್ರೆಸಿನ್ ಹಾರ್ಮೋನು ಹೆಚ್ಚುತ್ತದೆ. ಲಂಡನ್ನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಹತ್ತು ಮಂದಿ ಆರೋಗ್ಯವಂತರಿಗೆ 6 ಗ್ರಾಂ ಉಪ್ಪು ಬೆರೆಸಿದ ಸೂಪ್ ಕುಡಿಸಿದಾಗ, ಅವರ ರಕ್ತದ ಸೋಡಿಯಂ ಲೀಟರಿಗೆ ಸುಮಾರು 3 ಮಿಲಿಮೋಲ್‌ನಷ್ಟು ಏರಿತು. ಉಪ್ಪಿಲ್ಲದ ಸೂಪ್ ಕುಡಿದ ದಿನಕ್ಕಿಂತ ಒತ್ತಡವೂ ಹೆಚ್ಚಿತ್ತು. ಅದಕ್ಕೆ ಒಂದು ವರ್ಷ ಮೊದಲು ಆಸ್ಟ್ರೇಲಿಯಾದ ತಂಡವೊಂದು, ಉಪ್ಪು ಹೆಚ್ಚಿರುವ ಒಂದೇ ಒಂದು ಊಟದ ನಂತರ ರಕ್ತನಾಳಗಳು ಬೇಕಾದಾಗ ಹಿಗ್ಗುವ ಗುಣ ಅರ್ಧ ಗಂಟೆಯಲ್ಲೇ ಕುಗ್ಗುವುದನ್ನು ತೋರಿಸಿತ್ತು.

ಎರಡನೆಯದು ದಿನಗಳ ಲೆಕ್ಕದ್ದು, ಮತ್ತು ಚಿಕಿತ್ಸೆಯ ದೃಷ್ಟಿಯಿಂದ ಇದೇ ದೊಡ್ಡದು. ನೀವು ತಿನ್ನುವ ಉಪ್ಪಿನ ಮಟ್ಟ ಬದಲಾದರೆ, ಒಳಗೆ ಬಂದಷ್ಟನ್ನೇ ಹೊರಹಾಕುವ ಹೊಸ ಸಮತೋಲಕ್ಕೆ ಮೂತ್ರಪಿಂಡಗಳು ಬರಲು ಮೂರರಿಂದ ಐದು ದಿನ ಹಿಡಿಯುತ್ತದೆ. ಆ ನಡುವೆ ಉಳಿದ ಸೋಡಿಯಂ ತನ್ನೊಡನೆ ನೀರನ್ನೂ ಉಳಿಸಿಕೊಳ್ಳುತ್ತದೆ. ಅಮೆರಿಕದಲ್ಲಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 50ರಿಂದ 75 ವರ್ಷದ 213 ಮಂದಿ ಒಂದು ವಾರ ಉಪ್ಪು ಹೆಚ್ಚಿರುವ ಆಹಾರವನ್ನೂ ಇನ್ನೊಂದು ವಾರ ತೀರಾ ಕಡಿಮೆ ಇರುವ ಆಹಾರವನ್ನೂ ತಿಂದರು. ಎರಡರ ನಡುವೆ ಮೇಲಿನ ಅಂಕಿಯಲ್ಲಿ, ಅಂದರೆ ಸಿಸ್ಟೋಲಿಕ್ ಒತ್ತಡದಲ್ಲಿ, ಸುಮಾರು 8 ಮಿ.ಮೀ. ವ್ಯತ್ಯಾಸ ಕಂಡಿತು. ಒಂದು ವಾರದ ಪಥ್ಯಕ್ಕೆ ಇದು ಸಣ್ಣ ಫಲವಲ್ಲ.

ಹೊತ್ತಿಗೂ ಮೂತ್ರಪಿಂಡಕ್ಕೂ ಏನು ಸಂಬಂಧ?

ಮೂತ್ರಪಿಂಡ ಇಪ್ಪತ್ತನಾಲ್ಕು ಗಂಟೆಯೂ ಒಂದೇ ಚುರುಕಿನಲ್ಲಿ ದುಡಿಯುವುದಿಲ್ಲ. ಹಗಲು ಹೆಚ್ಚು ಸೋಡಿಯಂ ಹೊರಹಾಕುತ್ತದೆ, ರಾತ್ರಿ ಕೈ ಬಿಗಿಹಿಡಿಯುತ್ತದೆ. ಅದರ ಜೀವಕೋಶಗಳಲ್ಲೇ ಗಡಿಯಾರದಂಥ ವಂಶವಾಹಿಗಳಿವೆ. ಅವುಗಳಲ್ಲಿ ಒಂದಾದ ಪರ್1, ಸೋಡಿಯಂ ಅನ್ನು ಮರಳಿ ಒಳಗೆಳೆದುಕೊಳ್ಳುವ ಕಾಲುವೆಗಳ ಮೇಲೆಯೇ ಪ್ರಭಾವ ಬೀರುತ್ತದೆ. ಉಪ್ಪನ್ನು ಉಳಿಸಿಕೊಳ್ಳುವಂತೆ ಮೂತ್ರಪಿಂಡಕ್ಕೆ ಹೇಳುವ ಅಲ್ಡೋಸ್ಟೆರಾನ್ ಹಾರ್ಮೋನು ಬೆಳಗಿನ ಜಾವದ ಹೊತ್ತಿಗೆ ಏರಿ, ಸಂಜೆಯಿಂದ ರಾತ್ರಿಯ ಹೊತ್ತಿಗೆ ಇಳಿದಿರುತ್ತದೆ.

ರಕ್ತದೊತ್ತಡಕ್ಕೂ ಇಂಥದೇ ಲಯವಿದೆ. ಸಾಮಾನ್ಯವಾಗಿ ನಿದ್ದೆಯಲ್ಲಿ ಅದು ಹಗಲಿನ ಸರಾಸರಿಗಿಂತ ಶೇ. 10ರಿಂದ 20ರಷ್ಟು ಇಳಿಯುತ್ತದೆ, ಏಳುವ ಹೊತ್ತಿಗೆ ಮತ್ತೆ ಏರುತ್ತದೆ. ಇಳಿತ ಶೇ. 10ಕ್ಕಿಂತ ಕಡಿಮೆ ಇರುವವರನ್ನು ವೈದ್ಯರು ನಾನ್-ಡಿಪ್ಪರ್ ಎನ್ನುತ್ತಾರೆ. ಕೆಲವರಿಗಂತೂ ರಾತ್ರಿಯ ಒತ್ತಡ ಹಗಲಿಗಿಂತ ಹೆಚ್ಚೇ ಇರುತ್ತದೆ. ಈ ಎರಡೂ ಗುಂಪಿನವರಿಗೆ ಹೃದಯ, ಮಿದುಳು ಮತ್ತು ಮೂತ್ರಪಿಂಡಗಳ ತೊಂದರೆಯ ಸಂಭವ ಹೆಚ್ಚು.

ರಾತ್ರಿಯ ಊಟದಲ್ಲಿ ಉಪ್ಪು ಹೆಚ್ಚಾದರೆ ಹೆಚ್ಚು ಕೆಡುಕೇ?

ಇಡೀ ವಿಷಯದ ಗಂಟು ಇರುವುದು ಇಲ್ಲಿ. ರಾತ್ರಿ ಮೂತ್ರಪಿಂಡ ನಿಧಾನವಾಗುತ್ತದೆ, ಆದ್ದರಿಂದ ರಾತ್ರಿ ತಿಂದ ಉಪ್ಪು ಒಳಗೇ ಉಳಿದು ಒತ್ತಡ ಏರಿಸುತ್ತದೆ ಎಂಬ ವಾದ ಕೇಳಲು ಸರಳವಾಗಿದೆ. ಆದರೆ ದೇಹದ ಲೆಕ್ಕಾಚಾರ ಊಟದಿಂದ ಊಟಕ್ಕೆ ಹೊಸದಾಗಿ ಶುರುವಾಗುವುದಿಲ್ಲ.

ಮೂತ್ರಪಿಂಡಕ್ಕೆ ಸೋಡಿಯಂ ಹೊರಹಾಕಲು ಒತ್ತಡ ಬೇಕು. ಒತ್ತಡ ಏರಿದಷ್ಟೂ ಅದು ಹೆಚ್ಚು ಉಪ್ಪನ್ನು ಮೂತ್ರಕ್ಕೆ ಬಿಡುತ್ತದೆ. ಈಗ ಹಗಲೆಲ್ಲ ಬಂದ ಉಪ್ಪನ್ನು ಹಗಲಿನಲ್ಲೇ ತೀರಿಸಲಾಗದ ಮೂತ್ರಪಿಂಡವೊಂದನ್ನು ಕಲ್ಪಿಸಿಕೊಳ್ಳಿ. ಬಾಕಿ ಕೆಲಸವನ್ನು ಅದು ರಾತ್ರಿಗೆ ಮುಂದೂಡುತ್ತದೆ, ಮತ್ತು ಆ ಕೆಲಸ ನಡೆಯಬೇಕಾದರೆ ರಾತ್ರಿಯೂ ಒತ್ತಡ ಇಳಿಯದೆ ನಿಲ್ಲಬೇಕು. ಉಪ್ಪಿಗೆ ಹೆಚ್ಚು ಸ್ಪಂದಿಸುವ ದೇಹದವರಲ್ಲಿ ರಾತ್ರಿಯ ಇಳಿತ ಕಾಣೆಯಾಗುವುದಕ್ಕೆ ಇದೊಂದು ಬಲವಾದ ವಿವರಣೆ. ಜಪಾನಿನ ವೈದ್ಯರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒತ್ತಾಸೆಯಾಗಿದೆ: ರಾತ್ರಿ ಒತ್ತಡ ಇಳಿಯದಿದ್ದ ರೋಗಿಗಳ ಉಪ್ಪನ್ನು ಕಡಿತಗೊಳಿಸಿದಾಗ, ಇಳಿತ ಮರಳಿತು. ಗಮನಿಸಬೇಕಾದದ್ದು, ಅವರು ಕಡಿಮೆ ಮಾಡಿದ್ದು ಇಡೀ ದಿನದ ಉಪ್ಪನ್ನು. ರಾತ್ರಿಯ ಒತ್ತಡ ಸರಿಹೋಗಲು ರಾತ್ರಿಯ ತಟ್ಟೆಯೊಂದನ್ನೇ ತಿದ್ದಬೇಕಾಗಿರಲಿಲ್ಲ.

ಹಾಗಾದರೆ ರಾತ್ರಿಯೂಟಕ್ಕೆ ವಿಶೇಷ ಗಮನ ಬೇಡವೇ? ಬೇಕು, ಆದರೆ ಕಾರಣ ಬೇರೆ. ಎಷ್ಟೋ ಜನರಿಗೆ ದಿನದ ದೊಡ್ಡ ಊಟ ಅದೇ, ದಣಿದು ಬಂದು ಪೊಟ್ಟಣ ಬಿಚ್ಚುವುದೂ ಹೊರಗಿನಿಂದ ತರಿಸುವುದೂ ಆಗಲೇ, ಟಿ.ವಿ. ಮುಂದೆ ಚಿಪ್ಸ್ ತಿನ್ನುವುದೂ ಆಗಲೇ. ಕತ್ತರಿಸಲು ಹೆಚ್ಚು ಉಪ್ಪು ಸಿಗುವ ಜಾಗ ಅದಾಗಿರುವುದರಿಂದ ಅಲ್ಲಿಂದ ಶುರುಮಾಡುವುದು ಜಾಣತನ.

ಉಪ್ಪನ್ನೆಲ್ಲ ಬೆಳಗಿನ ತಿಂಡಿಯಲ್ಲೇ ಮುಗಿಸಿಬಿಟ್ಟರೆ?

ಈ ಪ್ರಶ್ನೆಯ ಹಿಂದೆ, ಒಂದು ಚಿಟಿಕೆಯನ್ನೂ ಬಿಡದೆ ಬಿ.ಪಿ.ಯನ್ನೂ ಇಳಿಸಿಕೊಳ್ಳುವ ಆಸೆ ಅಡಗಿರುತ್ತದೆ. ಅದು ಕೈಗೂಡುವುದಿಲ್ಲ. ಮೂತ್ರಪಿಂಡದ ಲಯವನ್ನು ನೋಡಿದರೆ ಬೆಳಗಿನ ಉಪ್ಪು ಒಳ್ಳೆಯದೆನ್ನಿಸುತ್ತದೆ, ಏಕೆಂದರೆ ಮುಂದೆ ಇಡೀ ಹಗಲಿದೆ. ಅಲ್ಡೋಸ್ಟೆರಾನಿನ ಲಯವನ್ನು ನೋಡಿದರೆ ಬೆಳಿಗ್ಗೆಯೇ ಉಪ್ಪನ್ನು ಉಳಿಸಿಕೊಳ್ಳುವ ಆಜ್ಞೆ ಬಲವಾಗಿರುತ್ತದೆ, ಆದ್ದರಿಂದ ವಾದ ತಿರುವುಮುರುವಾಗುತ್ತದೆ. ಒಂದೇ ದೇಹದ ಎರಡು ಗಡಿಯಾರಗಳು ಎರಡು ದಿಕ್ಕು ತೋರಿಸುವಾಗ, ಒಂದನ್ನು ಮಾತ್ರ ಹಿಡಿದು ದಿನಚರಿ ಬರೆದುಕೊಡುವವರ ಮಾತನ್ನು ಅನುಮಾನದಿಂದಲೇ ಕೇಳಬೇಕು.

ರಕ್ತದೊತ್ತಡ ಇಳಿಸಿ ತೋರಿಸಿದ ದೊಡ್ಡ ಪ್ರಯೋಗಗಳು ದಿನದ ಒಟ್ಟು ಮೊತ್ತವನ್ನೇ ಬದಲಿಸಿ ನೋಡಿದವು. 2001ರ ಡ್ಯಾಶ್-ಸೋಡಿಯಂ ಪ್ರಯೋಗದಲ್ಲಿ 412 ಮಂದಿಗೆ ತಲಾ 30 ದಿನಗಳಂತೆ ಮೂರು ಮಟ್ಟದ ಸೋಡಿಯಂ ಇರುವ ಆಹಾರ ಕೊಡಲಾಯಿತು. ಮಟ್ಟ ಇಳಿದಂತೆ ಒತ್ತಡವೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು.

ರಾತ್ರಿ ನನ್ನ ಒತ್ತಡ ಇಳಿಯುತ್ತಿದೆಯೇ ಎಂದು ತಿಳಿಯುವುದು ಹೇಗೆ?

ತೋಳಿಗೆ ಪಟ್ಟಿ ಕಟ್ಟಿ, ಸೊಂಟಕ್ಕೆ ಸಣ್ಣ ಯಂತ್ರ ತಗುಲಿಸಿ, 24 ಗಂಟೆ ತಾನೇ ಅಳೆದುಕೊಳ್ಳುವ ಆಂಬ್ಯುಲೇಟರಿ ಪರೀಕ್ಷೆಯಿಂದ. ಹಗಲಿನಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ರಾತ್ರಿ ತುಸು ವಿರಳವಾಗಿ ಅದು ಉಬ್ಬುತ್ತದೆ; ಒಂದೆರಡು ಬಾರಿ ಎಚ್ಚರವೂ ಆಗುತ್ತದೆ. ಸಾಮಾನ್ಯವಾಗಿ ಬಳಸುವ ಮಿತಿಗಳ ಪ್ರಕಾರ 24 ಗಂಟೆಯ ಸರಾಸರಿ 130/80, ಹಗಲಿನದು 135/85, ರಾತ್ರಿಯದು 120/70 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ಎಂದು ಎಣಿಸಲಾಗುತ್ತದೆ. ಹಗಲಿನಲ್ಲಿ ಕ್ಲಿನಿಕ್ಕಿಗೆ ಹೋಗಿ ಅಳೆಸಿಕೊಳ್ಳುವುದರಿಂದ ರಾತ್ರಿಯ ಸಂಗತಿ ತಿಳಿಯುವುದಿಲ್ಲ.

ಉಪ್ಪುಪ್ಪಾದ ಊಟ ಮಾಡಿ ಮಲಗಿದ ಮರುದಿನ ಅಂಕಿ ಏರಿತ್ತು. ಉಪ್ಪೇ ಕಾರಣವೇ?

ಇರಬಹುದು. ಅಂಥ ಬೆಳಗಿನ ಕುರುಹುಗಳು ಪರಿಚಿತವಾದವು: ಹಾಸಿಗೆಯ ಬದಿಯ ಲೋಟ ಖಾಲಿಯಾಗಿರುತ್ತದೆ, ಉಂಗುರ ಬೆರಳ ಗೆಣ್ಣು ದಾಟಲು ಹಟ ಮಾಡುತ್ತದೆ, ತೂಕದ ಯಂತ್ರ ನಿನ್ನೆಗಿಂತ ಅರ್ಧ ಕಿಲೋ ಹೆಚ್ಚು ತೋರಿಸುತ್ತದೆ. ರಾತ್ರೋರಾತ್ರಿ ಬಂದ ಆ ಅರ್ಧ ಕಿಲೋ ಬಹುಪಾಲು ನೀರು.

ಆದರೆ ಅದೇ ಬೆಳಿಗ್ಗೆ ಬೇರೆ ಆರೋಪಿಗಳೂ ಇರುತ್ತಾರೆ. ಬಾಯಾರಿ ಕುಡಿದ ನೀರಿನಿಂದ ನಿದ್ದೆ ಕೆಟ್ಟಿರುತ್ತದೆ. ನಿದ್ದೆಗೆಟ್ಟರೆ ಒತ್ತಡ ಏರುತ್ತದೆ. ಮೂತ್ರಕೋಶ ತುಂಬಿರುವಾಗಲೇ ಅಳೆದಿದ್ದರೆ ಅಂಕಿ ಅದರಿಂದಲೂ ಏರುತ್ತದೆ. ಹೊರಗಿನ ಊಟದ ಜೊತೆಗೆ ಮದ್ಯ ಸೇರಿದ್ದರೆ ಅದರ ಪಾಲೂ ಇದೆ. ಆದ್ದರಿಂದ ಒಂದು ಬೆಳಗಿನ ಅಂಕಿಯಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಐದು ನಿಮಿಷ ಮಾತಿಲ್ಲದೆ ಕುಳಿತು ಅಳೆಯಿರಿ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆಯಿರಿ.

ಊಟವಾದ ಕೂಡಲೇ ಅಳೆಯಬಹುದೇ?

ಬೇಡ. ಊಟದ ನಂತರ ಜೀರ್ಣಾಂಗಗಳಿಗೆ ರಕ್ತ ಹೆಚ್ಚು ಹರಿಯುವುದರಿಂದ, ವಿಶೇಷವಾಗಿ ವಯಸ್ಸಾದವರಲ್ಲಿ, ಎರಡು ಗಂಟೆಯೊಳಗೆ ಮೇಲಿನ ಅಂಕಿ 20 ಮಿ.ಮೀ.ನಷ್ಟು ಕುಸಿಯುವುದೂ ಉಂಟು. ಆಗ ಉಪ್ಪಿನ ಊಟ ಒತ್ತಡವನ್ನು ಇಳಿಸಿತು ಎಂಬ ತಪ್ಪು ಸಮಾಧಾನ ಸಿಗುತ್ತದೆ.

ಹೆಚ್ಚು ನೀರು ಕುಡಿದರೆ ಉಪ್ಪು ತೊಳೆದುಹೋಗುವುದಿಲ್ಲವೇ?

ಇಲ್ಲ. ಹೆಚ್ಚಾದ ನೀರನ್ನು ಆರೋಗ್ಯವಂತ ಮೂತ್ರಪಿಂಡ ಕೆಲವೇ ಗಂಟೆಗಳಲ್ಲಿ ಹೊರಹಾಕಿಬಿಡುತ್ತದೆ, ಸೋಡಿಯಂ ಅನ್ನು ಮಾತ್ರ ತನ್ನದೇ ನಿಧಾನದಲ್ಲಿ ಬಿಡುತ್ತದೆ. ಬಾಯಾರಿದಾಗ ಕುಡಿಯುವುದು ಸರಿ, ಊಟದ ತಪ್ಪಿಗೆ ಪ್ರಾಯಶ್ಚಿತ್ತವೆಂದು ಲೀಟರುಗಟ್ಟಲೆ ಸುರಿದುಕೊಳ್ಳುವುದರಿಂದ ಪ್ರಯೋಜನವಿಲ್ಲ. ಹೃದಯದ ವೈಫಲ್ಯ ಇರುವವರಿಗೆ ಅದು ಅಪಾಯ.

ರಾತ್ರಿ ಎರಡು ಮೂರು ಬಾರಿ ಮೂತ್ರಕ್ಕೆ ಏಳುತ್ತೇನೆ. ಇದಕ್ಕೂ ಉಪ್ಪಿಗೂ ನಂಟಿದೆಯೇ?

ಇದೆ, ಮತ್ತು ಈ ನಂಟನ್ನು ವೈದ್ಯರೂ ಮರೆಯುವುದುಂಟು. ಹಗಲಿನಲ್ಲಿ ತೀರದ ಉಪ್ಪಿನ ಬಾಕಿ ರಾತ್ರಿ ಹೊರಬೀಳುವಾಗ ನೀರನ್ನೂ ಎಳೆದುಕೊಂಡು ಬರುತ್ತದೆ. ಸಂಜೆಯವರೆಗೆ ಕಾಲುಗಳಲ್ಲಿ ನಿಂತಿದ್ದ ದ್ರವ ಮಲಗಿದ ಮೇಲೆ ರಕ್ತಕ್ಕೆ ಮರಳುವುದೂ ಅದಕ್ಕೆ ಸೇರುತ್ತದೆ. ಜಪಾನಿನ ನಾಗಸಾಕಿಯ ಸಂಶೋಧಕರು 2017ರಲ್ಲಿ ತಿಳಿಸಿದಂತೆ, ದಿನದ ಉಪ್ಪನ್ನು ಸರಾಸರಿ 10.7 ಗ್ರಾಂನಿಂದ 8 ಗ್ರಾಂಗೆ ಇಳಿಸಿದ 223 ಮಂದಿಯಲ್ಲಿ ರಾತ್ರಿ ಏಳುವ ಸಂಖ್ಯೆ ಸರಾಸರಿ 2.3ರಿಂದ 1.4ಕ್ಕೆ ಇಳಿಯಿತು, ಉಪ್ಪು ಹೆಚ್ಚಿಸಿಕೊಂಡವರಲ್ಲಿ ಏರಿತು. ಉಪ್ಪು ಬಿಡಲು ರಕ್ತದೊತ್ತಡದ ಭಯ ಸಾಲದವರಿಗೆ, ಎಡೆಬಿಡದ ನಿದ್ದೆಯ ಆಸೆಯಾದರೂ ಸಾಕಾಗಬಹುದು. ಪ್ರಾಸ್ಟೇಟ್, ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇವುಗಳಿಂದಲೂ ಹೀಗಾಗುವುದರಿಂದ ಪರೀಕ್ಷೆ ಮಾಡಿಸದೆ ಎಲ್ಲವನ್ನೂ ಉಪ್ಪಿನ ತಲೆಗೆ ಕಟ್ಟುವುದೂ ಸಲ್ಲದು.

ಆರು ದಿನ ಪಥ್ಯ ಮಾಡಿ ಏಳನೆಯ ದಿನ ಮನಸಾರೆ ತಿಂದರೆ?

ಒಂದು ದಿನದಿಂದ ಆಕಾಶ ಬೀಳುವುದಿಲ್ಲ, ಆದರೆ ಆ ಒಂದು ದಿನದ ಬಾಕಿ ತೀರಲು ಮುಂದಿನ ಹಲವು ದಿನಗಳು ಬೇಕು.

ಇಲ್ಲಿ ಒಂದು ಸ್ವಾರಸ್ಯವಿದೆ. ಮಂಗಳಯಾನದ ತಾಲೀಮಿಗಾಗಿ ಮಾಸ್ಕೋದಲ್ಲಿ ಕೆಲವರನ್ನು ತಿಂಗಳುಗಟ್ಟಲೆ ಮುಚ್ಚಿದ ನೌಕೆಯಂಥ ಕೋಣೆಗಳಲ್ಲಿ ಇರಿಸಿ, ದಿನದ ಉಪ್ಪನ್ನು 12, 9, 6 ಗ್ರಾಂ ಎಂದು ವಾರಗಟ್ಟಲೆ ಬದಲಿಸದೆ ಕೊಟ್ಟು, ಅವರ ಮೂತ್ರವನ್ನು ಪ್ರತಿದಿನವೂ ಸಂಗ್ರಹಿಸಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಿಂದ ಉಪ್ಪು ಒಂದೇ ಸಮನಿದ್ದರೂ ಹೊರಬಿದ್ದ ಸೋಡಿಯಂ ದಿನದಿಂದ ದಿನಕ್ಕೆ ಏರಿಳಿಯುತ್ತಿತ್ತು, ಆ ಏರಿಳಿತಕ್ಕೆ ಸುಮಾರು ಒಂದು ವಾರದ ಲಯವಿತ್ತು. ಚರ್ಮ ಮತ್ತು ಸ್ನಾಯುಗಳಲ್ಲಿ ದೇಹ ಸೋಡಿಯಂ ಅನ್ನು ಕೂಡಿಡುತ್ತದೆ ಎಂಬುದನ್ನು ಇಂಥ ಅಧ್ಯಯನಗಳು ಮುನ್ನೆಲೆಗೆ ತಂದವು. ದೇಹವೇ ವಾರದ ಲೆಕ್ಕ ಇಡುತ್ತಿರುವಾಗ ಏಳು ಗಂಟೆಯ ಉಪ್ಪು, ಒಂಬತ್ತು ಗಂಟೆಯ ಉಪ್ಪು ಎಂದು ನಾವು ಚೌಕಾಸಿ ಮಾಡುವುದು ನನಗಂತೂ ಸ್ವಲ್ಪ ತಮಾಷೆಯಾಗಿಯೇ ಕಾಣುತ್ತದೆ.

ರಾತ್ರಿ ಪಾಳಿಯಲ್ಲಿ ದುಡಿಯುವವರು ಏನು ಮಾಡಬೇಕು?

ಇವರ ವಿಷಯದಲ್ಲಿ ಹೊತ್ತು ನಿಜಕ್ಕೂ ತೂಕ ಪಡೆಯುತ್ತದೆ. ಎಚ್ಚರವಿದ್ದು ಓಡಾಡುವ ದೇಹ, ಇನ್ನೂ ರಾತ್ರಿಯ ಲಯದಲ್ಲೇ ಇರುವ ಮೂತ್ರಪಿಂಡ, ನಡುರಾತ್ರಿ ತಿಂಡಿ ಮಾರುವ ಯಂತ್ರದಿಂದ ತೆಗೆದು ತಿಂದ ಚಿಪ್ಸ್ ಮತ್ತು ಸೂಪ್, ಮೇಲೆ ಹಗಲಿನ ಅರೆನಿದ್ದೆ, ಇವೆಲ್ಲ ಒಟ್ಟಾಗಿ ಬರುತ್ತವೆ. ಪಾಳಿಯಲ್ಲಿ ತಿನ್ನುವುದನ್ನು ಮನೆಯಿಂದಲೇ ಕಡಿಮೆ ಉಪ್ಪಿನಲ್ಲಿ ಮಾಡಿ ಒಯ್ಯುವುದು ಅತ್ಯುತ್ತಮ. ಅಳತೆಯ ಹೊತ್ತನ್ನು ಗಡಿಯಾರಕ್ಕೆ ಕಟ್ಟದೆ ನಿದ್ದೆಗೆ ಕಟ್ಟಿ: ಎದ್ದ ಮೇಲೆ ಒಮ್ಮೆ, ಮಲಗುವ ಮುನ್ನ ಒಮ್ಮೆ. ಅಂಕಿ ಬರೆಯುವ ಪುಸ್ತಕದಲ್ಲಿ ಪಾಳಿಯನ್ನೂ ಬರೆದಿಡಿ.

ಬಿ.ಪಿ. ಮಾತ್ರೆ ಬೆಳಿಗ್ಗೆಯೋ ರಾತ್ರಿಯೋ?

ಬ್ರಿಟನ್ನಿನಲ್ಲಿ 21,104 ಮಂದಿಯನ್ನು ಐದು ವರ್ಷಕ್ಕೂ ಮಿಕ್ಕಿ ಗಮನಿಸಿದ ಟೈಮ್ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಹೃದಯಾಘಾತ, ಪಾರ್ಶ್ವವಾಯು, ಸಾವು ಇವುಗಳಲ್ಲಿ ಬೆಳಿಗ್ಗೆ ನುಂಗಿದವರಿಗೂ ರಾತ್ರಿ ನುಂಗಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಮರೆಯದೆ ನುಂಗಲು ಯಾವ ಹೊತ್ತು ಅನುಕೂಲವೋ ಅದೇ ಸರಿಯಾದ ಹೊತ್ತು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಮಾತ್ರ ನಿದ್ದೆಯ ದೃಷ್ಟಿಯಿಂದ ಬೆಳಿಗ್ಗೆ ಕೊಡುವುದೇ ರೂಢಿ. ಬದಲಿಸುವ ಮುನ್ನ ವೈದ್ಯರನ್ನು ಕೇಳಿ.

ದಿನಕ್ಕೆ ಎಷ್ಟು ಉಪ್ಪು, ಅದನ್ನು ಲೆಕ್ಕ ಹಾಕುವುದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ 2 ಗ್ರಾಂಗಿಂತ ಕಡಿಮೆ ಸೋಡಿಯಂ. ಅದೇ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಸರಾಸರಿ ಇದರ ಎರಡು ಪಟ್ಟಿಗೂ ಹೆಚ್ಚು, 10.8 ಗ್ರಾಂ.

ಪೊಟ್ಟಣದ ಮೇಲೆ ಸೋಡಿಯಂ ಎಂದಿದ್ದರೆ 2.5ರಿಂದ ಗುಣಿಸಿದಾಗ ಉಪ್ಪಿನ ತೂಕ ಸಿಗುತ್ತದೆ. ಸೂಪಿನ ಪೊಟ್ಟಣವೊಂದರ ಹಿಂಬದಿಯಲ್ಲಿ ‘ಒಂದು ಸರ್ವಿಂಗ್‌ಗೆ ಸೋಡಿಯಂ 480 ಮಿ.ಗ್ರಾಂ’ ಎಂದಿದೆ ಎನ್ನಿ. ಅದರ ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿ ‘ಸರ್ವಿಂಗ್‌ಗಳು: 2’ ಎಂದಿರುತ್ತದೆ. ಪೊಟ್ಟಣವನ್ನು ಅರ್ಧ ಕುಡಿದು ಅರ್ಧ ಎತ್ತಿಡುವವರು ಯಾರೂ ಇಲ್ಲವಾದ್ದರಿಂದ, ಬಟ್ಟಲಿಗೆ ಬಂದದ್ದು 960 ಮಿ.ಗ್ರಾಂ. ಎರಡೂವರೆಯಿಂದ ಗುಣಿಸಿದರೆ 2.4 ಗ್ರಾಂ ಉಪ್ಪು, ದಿನದ ಮಿತಿಯ ಹೆಚ್ಚುಕಡಿಮೆ ಅರ್ಧ. ಬ್ರೆಡ್ಡು ಅದ್ದಿಕೊಂಡದ್ದು ಬೇರೆ ಲೆಕ್ಕ.

ನಾಲಿಗೆಗೆ ಸಪ್ಪೆಯೆನ್ನಿಸುವುದು ಕೆಲವು ವಾರ ಮಾತ್ರ. ಆಮೇಲೆ ಹಳೆಯ ಪ್ರಮಾಣವೇ ಉಪ್ಪುಪ್ಪಾಗಿ ತೋರುತ್ತದೆ.

ಪೊಟ್ಯಾಸಿಯಂ ಬೆರೆಸಿದ ಉಪ್ಪು ಬಳಸಬಹುದೇ?

ಅನೇಕರಿಗೆ ಇದು ಒಳ್ಳೆಯ ಆಯ್ಕೆ. ಚೀನಾದ 600 ಹಳ್ಳಿಗಳ 20,995 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆತ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು. ಅವರಿಗೆ ಯಾವ ವೇಳಾಪಟ್ಟಿಯನ್ನೂ ಕೊಟ್ಟಿರಲಿಲ್ಲ. ಅಡುಗೆಮನೆಯ ಡಬ್ಬಿ ಬದಲಾಗಿತ್ತು, ಅಷ್ಟೇ. ಆದರೆ ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ, ಅಥವಾ ಪೊಟ್ಯಾಸಿಯಂ ಉಳಿಸುವ ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್, ಟೆಲ್ಮಿಸಾರ್ಟಾನ್‌ನಂಥ ಔಷಧ ನುಂಗುವವರಲ್ಲಿ ರಕ್ತದ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಅವರು ಕೇಳದೆ ಬಳಸಕೂಡದು.

ತಿಂಡಿಯಲ್ಲದೆ ಬೇರೆ ಯಾವುದರಿಂದಾದರೂ ಸೋಡಿಯಂ ಬರುತ್ತದೆಯೇ?

ನೀರಿನಲ್ಲಿ ಬುಸ್ಸೆಂದು ಕರಗುವ ನೋವಿನ ಮಾತ್ರೆಗಳಿಂದ. ಇಂಥ ಕೆಲವು ಪ್ಯಾರಸಿಟಮಾಲ್ ಮಾತ್ರೆಗಳಲ್ಲಿ ಒಂದೊಂದರಲ್ಲೂ ಸುಮಾರು 400 ಮಿ.ಗ್ರಾಂ ಸೋಡಿಯಂ ಇರುತ್ತದೆ. ಮಲಗುವ ಮುನ್ನ ಎರಡು ಕರಗಿಸಿ ಕುಡಿದರೆ 2 ಗ್ರಾಂ ಉಪ್ಪಿನಷ್ಟು ಸೋಡಿಯಂ ಒಳಹೋಯಿತು. ಸಪ್ಪೆ ಊಟ ಮಾಡಿಯೂ ಅಂಕಿ ಇಳಿಯದವರು ಔಷಧದ ಪೆಟ್ಟಿಗೆಯನ್ನೊಮ್ಮೆ ನೋಡಬೇಕು. ಎದೆಯುರಿಗೆ ಕುಡಿಯುವ ಸೋಡಾ ಪುಡಿಗಳದ್ದೂ ಇದೇ ಕಥೆ.

ನನ್ನ ದೇಹ ಉಪ್ಪಿಗೆ ಎಷ್ಟು ಸ್ಪಂದಿಸುತ್ತದೆಂದು ಮನೆಯಲ್ಲೇ ನೋಡಬಹುದೇ?

ಒರಟು ಅಂದಾಜು ಸಿಗುತ್ತದೆ. ಎಲ್ಲರೂ ಒಂದೇ ಬಗೆಯಲ್ಲಿ ಸ್ಪಂದಿಸುವುದಿಲ್ಲ. ವಯಸ್ಸಾದವರು, ಈಗಾಗಲೇ ಒತ್ತಡ ಇರುವವರು, ಸಕ್ಕರೆ ಅಥವಾ ಮೂತ್ರಪಿಂಡದ ಕಾಯಿಲೆಯವರು ಹೆಚ್ಚು ಸ್ಪಂದಿಸುತ್ತಾರೆ. ಒಂದು ವಾರ ಎಂದಿನಂತೆ ತಿನ್ನಿ, ಮುಂದಿನ ಎರಡು ವಾರ ಎಲ್ಲ ಊಟಗಳಲ್ಲೂ ಉಪ್ಪನ್ನು ಅರ್ಧಕ್ಕೆ ಇಳಿಸಿ. ಮಾತ್ರೆಯನ್ನು ಬದಲಿಸಬೇಡಿ, ನಿಲ್ಲಿಸಲೂ ಬೇಡಿ. ಬೆಳಿಗ್ಗೆ ಮಾತ್ರೆಗೂ ತಿಂಡಿಗೂ ಮುಂಚೆ ಎರಡು ಸಲ, ರಾತ್ರಿ ಮಲಗುವ ಮುನ್ನ ಎರಡು ಸಲ ಅಳೆದು ಬರೆದಿಡಿ. ಕೊನೆಗೆ ಮೊದಲ ವಾರದ ಸರಾಸರಿಯನ್ನೂ ಮೂರನೆಯ ವಾರದ ಸರಾಸರಿಯನ್ನೂ ಹೋಲಿಸಿ. ನಡುವಿನ ವಾರ ದೇಹ ಹೊಂದಿಕೊಳ್ಳುವ ಕಾಲವಾದ್ದರಿಂದ ಅದನ್ನು ಬಿಟ್ಟುಬಿಡಿ. ಮನೆಯ ಸರಾಸರಿ 135/85ಕ್ಕಿಂತ ಕೆಳಗೆ ಬಂದರೂ ಬಾರದಿದ್ದರೂ ಆ ಪುಸ್ತಕವನ್ನು ವೈದ್ಯರ ಮುಂದಿಡಿ. ಇಳಿದಿದ್ದರೆ ಮಾತ್ರೆಯ ಪ್ರಮಾಣವನ್ನು ಅವರು ಮರುಪರಿಶೀಲಿಸಬೇಕಾದೀತು. ನಡುವೆ ಎಂದಾದರೂ ಅಂಕಿ 180/120 ದಾಟಿ, ಜೊತೆಗೆ ಎದೆನೋವು, ಉಸಿರುಗಟ್ಟುವಿಕೆ, ಮಾತು ತೊದಲುವುದು ಅಥವಾ ಒಂದು ಬದಿ ಸೋಲುವುದು ಕಂಡರೆ ಪುಸ್ತಕವನ್ನು ಅಲ್ಲೇ ಬಿಟ್ಟು ಆಸ್ಪತ್ರೆಗೆ ಹೊರಡಿ.